ಆಟದ ಯಂತ್ರವೂ ಸ್ವದೇಶಿಯ ಮಾತೂ

ಅರಸೀಕೆರೆಗೆ ಸಮೀಪದ ಮಾಲೇಕಲ್ಲು ತಿರುಪತಿಯಲ್ಲಿ ವರ್ಷಂಪ್ರತಿ ಆಷಾಢ ಮಾಸದಲ್ಲಿ ನಡೆಯುವ ತೇರಿಗೆ ಸುತ್ತಣ ಗ್ರಾಮಗಳ ಜನರು ನೆರೆಯುವುದು ಹಿಂದಿನಿಂದ ಬಂದ ವಾಡಿಕೆ. ದೇವರ ದರ್ಶನವಾದ ಬಳಿಕ ಮಕ್ಕಳ ಕೈಗೆ ಒಂದು ಪೀಪಿಯನ್ನೋ, ಬುಗುರಿಯನ್ನೋ, ಮರದ ಬೊಂಬೆಯನ್ನೋ ಕೊಡಿಸುವುದು ಯಾವ ಜಾತ್ರೆಯಲ್ಲಿಯೂ ಹೆತ್ತವರ ಕರ್ತವ್ಯಗಳಲ್ಲೊಂದೆಂದು ಎಣಿಸಲ್ಪಟ್ಟಿತ್ತು. ಬುಗುರಿಯನ್ನು ಕಡೆಯುವವನು ನಮ್ಮ ಸೀಮೆಯವನೇ ಆಗಿದ್ದನು; ಬೊಂಬೆಯ ಕೈ ಮುರಿದರೆ ಸರಿಪಡಿಸುವ ಬಡಗಿಯೂ ಹತ್ತಿರದಲ್ಲಿಯೇ ಇರುತ್ತಿದ್ದನು. ಈಗಿನ ಬಾಲಕರ ಮತ್ತು ತರುಣರ ಆಸೆಯು ಬೇರೆ ದಿಕ್ಕಿಗೆ ತಿರುಗಿದೆ. ಅವರು ಕೇಳುವುದು ಪ್ಲೇಸ್ಟೇಷನ್ ಮೊದಲಾದ ಆಟದ ಯಂತ್ರಗಳನ್ನು, ಅಥವಾ ಕಂಪ್ಯೂಟರಿನೊಳಗೆ ಕೂರಿಸುವ ಗ್ರಾಫಿಕ್ಸ್ ಕಾರ್ಡನ್ನು. ಇವುಗಳನ್ನು ನಿರ್ಮಿಸುವವನ ಮುಖ ನಮಗೆ ತಿಳಿಯದು. ಇವು ಯಾವಾಗ ಪೇಟೆಗೆ ಬರುವುವು, ಯಾವ ಬೆಲೆಗೆ ಬರುವುವು, ಬಂದವು ಯಾವಾಗ ಮಾಯವಾಗುವುವು ಎಂಬುದನ್ನು ನಿರ್ಣಯಿಸುವ ಅಧಿಕಾರವೂ ನಮ್ಮ ಕೈಯಲ್ಲಿಲ್ಲ.

ಹುಡುಗರ ಆಟದ ಸಾಮಾನಿನ ವಿಷಯಕ್ಕೆ ಅಗ್ರಲೇಖನದ ಸ್ಥಳವನ್ನು ವೆಚ್ಚಮಾಡುವುದೇಕೆಂದು ಕೆಲವು ಮಹನೀಯರು ಆಕ್ಷೇಪಿಸಬಹುದು. ಉಪ್ಪು ಅಲ್ಪ ವಸ್ತು. ಬಟ್ಟೆಯ ತುಂಡೂ ಅಲ್ಪ ವಸ್ತು. ಅವುಗಳನ್ನೇ ಹಿಡಿದು ಈ ದೇಶವು ತನ್ನ ಪರಾಧೀನತೆಯ ಆಳವನ್ನು ಅಳೆದುಕೊಂಡಿತೆಂಬುದನ್ನು ವಾಚಕರು ಮರೆತಿರಲಾರರು. ಆಟದ ಯಂತ್ರದ ಅಭಾವವೂ ಅಂಥದೇ ಒಂದು ಅಳತೆಗೋಲು. ಅದು ತೋರಿಸಿಕೊಡುವ ಸಂಗತಿ ಆಟಕ್ಕಿಂತ ಬಹಳ ದೊಡ್ಡದು.

ಮೊದಲು ಬೆಲೆಯ ಮಾತನ್ನು ನೋಡೋಣ. ಸೋನಿ ಕಂಪೆನಿಯ ಪ್ಲೇಸ್ಟೇಷನ್ 5 ಎಂಬ ಯಂತ್ರವು ಅಮೆರಿಕ, ಜಪಾನು ಮತ್ತು ಯೂರೋಪಿನ ಪೇಟೆಗಳಿಗೆ 2020ರ ನವೆಂಬರಿನಲ್ಲಿ ಬಂದಿತು. ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು. ಜನವರಿಯಲ್ಲಿ ಮುಂಗಡ ಬೇಡಿಕೆಗೆ ಅವಕಾಶ ತೆರೆದಾಗ ಕೆಲವು ನಿಮಿಷಗಳೊಳಗೆ ದಾಸ್ತಾನು ಮುಗಿದುಹೋಯಿತು. ಆಗ 49,990 ರೂಪಾಯಿ ಇದ್ದ ಬೆಲೆಯು 2022ರಲ್ಲಿ 54,990 ರೂಪಾಯಿಗೆ ಏರಿತು. ವಿದ್ಯುನ್ಮಾನ ಸರಕುಗಳು ಹಳೆಯದಾದಂತೆ ಅಗ್ಗವಾಗುವುವೆಂಬ ಲೋಕಾನುಭವಕ್ಕೆ ಇದು ವಿಪರೀತವಾದುದು. ಅರಸೀಕೆರೆ, ತಿಪಟೂರುಗಳ ಕಡೆಯ ರೈತನ ಲೆಕ್ಕದಲ್ಲಿ ಇದನ್ನು ಹೇಳುವುದಾದರೆ, 2025ರ ಹಂಗಾಮಿಗೆ ಕೇಂದ್ರ ಸರ್ಕಾರದವರು ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ದರದಂತೆ ಒಂದು ಆಟದ ಯಂತ್ರಕ್ಕೆ ಸುಮಾರು ನಾಲ್ಕೂವರೆ ಕ್ವಿಂಟಲ್ ಕೊಬ್ಬರಿಯನ್ನು ತೂಗಿಕೊಡಬೇಕು. ತಾನು ಬೆಳೆದುದಕ್ಕೆ ಬೆಲೆ ಕಟ್ಟುವವರು ಒಂದು ಕಡೆ. ತಾನು ಕೊಳ್ಳುವುದಕ್ಕೆ ಬೆಲೆ ಕಟ್ಟುವವರು ಮತ್ತೊಂದು ಕಡೆ. ಎರಡರಲ್ಲಿಯೂ ಆತನಿಗೆ ಮಾತಿಲ್ಲ.

ಪ್ರತಿಸ್ಪರ್ಧಿಯಾದ ನಿಂಟೆಂಡೊ ಕಂಪೆನಿಯ ಸ್ವಿಚ್ ಯಂತ್ರವು 2017ರಲ್ಲಿ ಲೋಕದ ಪೇಟೆಗೆ ಬಂದಾಗ ಅಧಿಕೃತ ಮಾರ್ಗದಿಂದ ಭಾರತವನ್ನು ಮುಟ್ಟಲೇ ಇಲ್ಲ. ಬೇಕಾದವರು ಖಾಸಗಿ ಆಮದುಗಾರರ ಕೈಯಿಂದ, ಅವರು ಹೇಳಿದ ಬೆಲೆಗೆ, ಖಾತರಿಯಿಲ್ಲದೆ ಕೊಂಡರು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ, ಬೆಲೆಯನ್ನು ಕೇಳಿ, ಬರಿಗೈಯಲ್ಲಿ ಮರುರೈಲು ಹಿಡಿಯುವ ತಾಲ್ಲೂಕು ಊರಿನ ತರುಣನ ಸ್ಥಿತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು.

ಗ್ರಾಫಿಕ್ಸ್ ಕಾರ್ಡಿನ ಕಥೆ ಇನ್ನೂ ವಿಚಾರಾರ್ಹವಾದುದು. 2020ರಿಂದ 2022ರವರೆಗೆ ಇದು ಹೇಳಿದ ಬೆಲೆಗೆ ಎಲ್ಲಿಯೂ ಸಿಕ್ಕದೆ ಹೋಯಿತು. ಮಹಾಮಾರಿಯಿಂದ ಕಾರ್ಖಾನೆಗಳೂ ಹಡಗುಗಳೂ ತಡೆದು ನಿಂತದ್ದು ಒಂದು ಕಾರಣ. ಮನೆಯಲ್ಲಿ ಕುಳಿತ ಜನರ ಬೇಡಿಕೆ ಏಕಕಾಲದಲ್ಲಿ ಹೆಚ್ಚಿದ್ದು ಇನ್ನೊಂದು. ಇವೆರಡರ ಮೇಲೆ, ಈಥರ್ ಎಂಬ ಕಾಲ್ಪನಿಕ ನಾಣ್ಯವನ್ನು ಲೆಕ್ಕಾಚಾರದಿಂದ ಗಳಿಸುವ ಧನಾಕಾಂಕ್ಷಿಗಳು ಕಾರ್ಡುಗಳನ್ನು ಗಾಡಿಗಟ್ಟಲೆ ಕೊಂಡು ಒಟ್ಟಿದರು. 2022ರ ಸೆಪ್ಟೆಂಬರಿನಲ್ಲಿ ಆ ನಾಣ್ಯದ ಪದ್ಧತಿಯೇ ಬದಲಾದಾಗ ಪೇಟೆ ಸ್ವಲ್ಪ ಉಸಿರಾಡಿತು. ಅಷ್ಟರಲ್ಲಿ ಮತ್ತೊಬ್ಬ ಭಾರಿ ಗಿರಾಕಿ ಬಂದು ನಿಂತನು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಗ್ರಾಫಿಕ್ಸ್ ಚಿಪ್ಪುಗಳನ್ನೂ ಅವುಗಳಿಗೆ ಬೇಕಾದ ಮೆಮೊರಿ ಚಿಪ್ಪುಗಳನ್ನೂ ಸಗಟಾಗಿ ಎತ್ತಿಕೊಳ್ಳತೊಡಗಿದುವು; 2025ರ ಕೊನೆಯ ತಿಂಗಳುಗಳಲ್ಲಿ ಸಾಮಾನ್ಯ ಕಂಪ್ಯೂಟರಿನ ಮೆಮೊರಿಯ ಬೆಲೆಯೂ ಗಗನಕ್ಕೇರಿತು. ದೊಡ್ಡ ಗಿರಾಕಿಗಳು ಪಂಕ್ತಿಯಲ್ಲಿ ಕುಳಿತಾಗ ಬಡವನ ಎಲೆಗೆ ಅನ್ನ ಬೀಳುವುದು ಕಡೆಯಲ್ಲಿ.

ಇಲ್ಲಿ ಹಿರಿಯರ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕಾಗಿದೆ. ಆಟವು ವ್ಯಸನ, ಅದರ ಸಾಧನ ಸಿಕ್ಕದಿದ್ದರೆ ಒಳ್ಳೆಯದೇ ಆಯಿತು ಎಂಬುದು ಅವರ ಅಭಿಪ್ರಾಯ. ಧರ್ಮರಾಯನ ಪಗಡೆಯ ಕಥೆಯನ್ನು ಕೇಳಿ ಬೆಳೆದ ನಾವು ಪಣದ ಆಟದ ಅನರ್ಥವನ್ನು ಬಲ್ಲೆವು. ಹಣವನ್ನು ಪಣವಾಗಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕವು 2021ರಲ್ಲಿ ಮಾಡಿದ ಕಾನೂನನ್ನು 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ತಳ್ಳಿಹಾಕಿತು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಅಖಿಲ ಭಾರತಕ್ಕೆ ಅನ್ವಯಿಸುವ ಶಾಸನವನ್ನೇ ಮಾಡಿ ಅಂಥ ಆಟಗಳನ್ನು ನಿಷೇಧಿಸಿತು. ಅದೇ ಶಾಸನವು ಇ-ಸ್ಪೋರ್ಟ್ಸ್ ಎಂಬ ಸ್ಪರ್ಧೆಯ ಆಟಗಳಿಗೆ ಮಾನ್ಯತೆಯನ್ನು ಕೊಟ್ಟಿದೆ. ಜೂಜು ಬೇರೆ, ಕ್ರೀಡೆ ಬೇರೆ ಎಂದು ಶಾಸನವೇ ಒಪ್ಪಿದ ಮೇಲೆ ಕ್ರೀಡೆಯ ಸಾಧನವನ್ನು ಜೂಜಿನ ಸಾಮಗ್ರಿಯಂತೆ ಕಾಣುವುದು ನ್ಯಾಯವಲ್ಲ. ಇಷ್ಟೇ ಅಲ್ಲ. ಆಟವಾಡಿಸುವ ಆ ಕಾರ್ಡೇ ಸೇತುವೆಯ ನಕ್ಷೆಯನ್ನು ಬರೆಯುತ್ತದೆ, ಚಲಚ್ಚಿತ್ರದ ದೃಶ್ಯಗಳನ್ನು ನಿರ್ಮಿಸುತ್ತದೆ, ಯಂತ್ರಕ್ಕೆ ಕನ್ನಡವನ್ನು ಕಲಿಸುವುದಕ್ಕೂ ಬೇಕಾಗುತ್ತದೆ. ಹಾಸನದಲ್ಲಿ 1960ರಿಂದ ನಡೆದುಬಂದಿರುವ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಂಥ ವಿದ್ಯಾಲಯಗಳ ವಿದ್ಯಾರ್ಥಿಗೆ ಅದು ಲೇಖನಿಯಿದ್ದಂತೆ. ಆಟಕ್ಕೆಂದು ಕೊಂಡ ಯಂತ್ರದಿಂದ ವಿದ್ಯೆಯ ಬಾಗಿಲು ತೆರೆದವರು ನಮ್ಮಲ್ಲಿ ಅನೇಕರಿದ್ದಾರೆ.

ಇನ್ನು ಸರ್ಕಾರದವರ ನಡವಳಿಕೆಯನ್ನು ನೋಡೋಣ. 1997ರಲ್ಲಿ ಭಾರತವು ಮಾಹಿತಿ ತಂತ್ರಜ್ಞಾನದ ಸರಕುಗಳನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿ, ಕಂಪ್ಯೂಟರು ಮತ್ತು ಅದರ ಅನೇಕ ಭಾಗಗಳ ಮೇಲಿನ ಆಮದು ಸುಂಕವನ್ನು ಕ್ರಮೇಣ ಸೊನ್ನೆಗೆ ಇಳಿಸಲು ಒಪ್ಪಿತು. ಸಿದ್ಧಯಂತ್ರವು ಸುಂಕವಿಲ್ಲದೆ ಬರುವಾಗ, ಇಲ್ಲಿಯೇ ಯಂತ್ರವನ್ನು ಮಾಡಹೊರಟವನು ತನ್ನ ಕಚ್ಚಾ ಸಾಮಗ್ರಿಗೆ ಸುಂಕ ಕೊಡಬೇಕಾದ ವಿಪರೀತ ಸ್ಥಿತಿ ಉಂಟಾಯಿತು. ಆಗ ಮುರುಟಿದ ಸಸಿ ಮತ್ತೆ ಚಿಗುರಲು ಬಹುಕಾಲ ಹಿಡಿಯಿತು. ಆ ಬಳಿಕ 2012ರ ಆಜ್ಞೆಯ ಮೂಲಕ ವಿಡಿಯೋ ಆಟದ ಯಂತ್ರ, ಲ್ಯಾಪ್‌ಟಾಪು ಮೊದಲಾದ ಹದಿನೈದು ಬಗೆಯ ಸರಕುಗಳಿಗೆ ಮಾನಕ ಸಂಸ್ಥೆಯ ನೋಂದಣಿಯನ್ನು ಕಡ್ಡಾಯಪಡಿಸಿದರು. ಕೊಳ್ಳುವವನ ಸುರಕ್ಷತೆಗೆ ಇದು ಅವಶ್ಯವೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ.

ಆದರೆ 2023ರ ಆಗಸ್ಟ್ 3ರಂದು ನಡೆದುದನ್ನು ಯಾವ ವಿವೇಕಿಯೂ ಸಮರ್ಥಿಸಲಾರನು. ಲ್ಯಾಪ್‌ಟಾಪು, ಟ್ಯಾಬ್ಲೆಟ್ಟು ಮತ್ತು ಸಣ್ಣ ಕಂಪ್ಯೂಟರುಗಳ ಆಮದಿಗೆ ಪರವಾನಗಿ ಬೇಕೆಂದು ವಿದೇಶ ವ್ಯಾಪಾರದ ಮಹಾನಿರ್ದೇಶನಾಲಯವು ಅಂದೇ ಜಾರಿಗೆ ಬರುವಂತೆ ಆಜ್ಞೆ ಹೊರಡಿಸಿತು. ಸಮುದ್ರದ ಮೇಲಿದ್ದ ಸರಕಿನ ಗತಿಯೇನೆಂದು ವರ್ತಕರು ಕಳವಳಗೊಂಡರು. ಮರುದಿನವೇ ಆಜ್ಞೆಯನ್ನು ಅಕ್ಟೋಬರ್ ಕೊನೆಯವರೆಗೆ ಮುಂದೂಡಲಾಯಿತು. ಕಡೆಗೆ ಪರವಾನಗಿಯ ಬಿಗಿಯು ಸಡಿಲವಾಗಿ, ಆಮದುಗಾರರು ಮುಂಚಿತವಾಗಿ ಲೆಕ್ಕ ಒಪ್ಪಿಸಿ ಅನುಮತಿ ಪಡೆಯುವ ಪದ್ಧತಿಯಾಗಿ ಪರಿಣಮಿಸಿತು. ಸ್ವದೇಶಿ ತಯಾರಿಕೆಯನ್ನು ಬೆಳೆಸಬೇಕೆಂಬ ಉದ್ದೇಶವನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ. ಉದ್ದೇಶ ದೊಡ್ಡದಾದಷ್ಟೂ ಅದರ ನಡೆ ಸ್ಥಿರವಾಗಿರಬೇಕು. ರಾತ್ರಿ ಆಜ್ಞೆ ಹೊರಡಿಸಿ ಬೆಳಗಿಗೆ ಹಿಂದೆಗೆಯುವ ಆಡಳಿತವನ್ನು ನಂಬಿ ಯಾರು ತಾನೆ ಹತ್ತು ವರ್ಷಗಳ ಕಾರ್ಖಾನೆಗೆ ಬಂಡವಾಳ ಹೂಡುವರು?

ಸುಂಕವನ್ನು ಏರಿಸಿ ಸ್ವದೇಶಿ ಕೈಗಾರಿಕೆಯನ್ನು ಕಾಪಾಡಬಹುದೆಂಬುದಕ್ಕೆ ದೃಷ್ಟಾಂತವಿಲ್ಲದೆ ಇಲ್ಲ. ಸಾಮಾನ್ಯ ಆಟಿಕೆಗಳ ಆಮದು ಸುಂಕವು 2020ರಲ್ಲಿ ನೂರಕ್ಕೆ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿತು. 2021ರ ಜನವರಿಯಿಂದ ಗುಣಮಟ್ಟದ ಗುರುತೂ ಕಡ್ಡಾಯವಾಯಿತು. ಹೊರಗಿನ ಅಗ್ಗದ ಆಟಿಕೆಯ ಪ್ರವಾಹವು ಇದರಿಂದ ತಗ್ಗಿತು. ಚನ್ನಪಟ್ಟಣದ ಬೊಂಬೆಗೆ ಬೇಕಾದ ಹಾಲೆಮರ, ಅರಗು, ಚರಕಿ ಯಂತ್ರ ಮತ್ತು ಕೈಕಸಬು ಎಲ್ಲವೂ ನಮ್ಮಲ್ಲಿಯೇ ಇವೆ. ಬೇಲಿ ಹಾಕಿದರೆ ಒಳಗಿನ ಪೈರು ಬೆಳೆಯುತ್ತದೆ. ಚಿಪ್ಪಿನ ವಿಷಯದಲ್ಲಿ ಬೇಲಿಯೊಳಗೆ ಬಿತ್ತನೆಯೇ ಆಗಿರಲಿಲ್ಲ. ಬರಿಯ ಹೊಲಕ್ಕೆ ಬೇಲಿ ಹಾಕಿದರೆ ಹಸಿವು ಹೆಚ್ಚುವುದೇ ಹೊರತು ಕಣ ತುಂಬಲಾರದು.

ಬಿತ್ತನೆ ಆಗಲೇ ಇಲ್ಲವೆಂದರೆ ಇತಿಹಾಸಕ್ಕೆ ಅಪಚಾರವಾದೀತು. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸು 1984ರಲ್ಲಿಯೇ ಚಿಪ್ಪುಗಳ ತಯಾರಿಕೆಯನ್ನು ಆರಂಭಿಸಿತು. ಇಂದು ಲೋಕದ ಅಗ್ರಗಣ್ಯ ಚಿಪ್ಪು ತಯಾರಕರೆನಿಸಿದ ತೈವಾನಿನ ಟಿ.ಎಸ್.ಎಂ.ಸಿ. ಕಂಪೆನಿಯು ಹುಟ್ಟಿದ್ದು ಅದಾದ ಮೂರು ವರ್ಷಗಳ ಬಳಿಕ, 1987ರಲ್ಲಿ. 1989ರ ಫೆಬ್ರವರಿಯಲ್ಲಿ ಮೊಹಾಲಿಯ ಕಾರ್ಖಾನೆಯು ಬೆಂಕಿಗೆ ಆಹುತಿಯಾಯಿತು. ಮತ್ತೆ ಎದ್ದು ನಿಲ್ಲುವುದಕ್ಕೆ ವರ್ಷಗಳೇ ಹಿಡಿದುವು, ಅಷ್ಟರಲ್ಲಿ ಲೋಕವು ಮುಂದೆ ಸಾಗಿಹೋಗಿತ್ತು. ತೈವಾನು ಪಟ್ಟು ಹಿಡಿದು ಮುಂದುವರಿಯಿತು. ನಾವು ಆ ಉತ್ಸಾಹವನ್ನು ಕೈಬಿಟ್ಟೆವು.

ನಮ್ಮ ಕರ್ನಾಟಕಕ್ಕಂತೂ ಈ ವಿದ್ಯೆ ಹೊಸದಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಟೆಲಿಫೋನ್ ಕಾರ್ಖಾನೆಯು, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದುವು. 1976ರಲ್ಲಿ ರಾಜ್ಯವು ಈ ಉದ್ಯಮಕ್ಕೆಂದೇ ಕಿಯೋನಿಕ್ಸ್ ಸಂಸ್ಥೆಯನ್ನು ಕಟ್ಟಿತು. ಹಾಸನದಲ್ಲಿ 1982ರಿಂದ ಇರುವ ಮುಖ್ಯ ನಿಯಂತ್ರಣ ಕೇಂದ್ರವು ಸಾವಿರಾರು ಮೈಲಿ ಎತ್ತರದಲ್ಲಿರುವ ಉಪಗ್ರಹಗಳನ್ನು ನಡೆಸುತ್ತಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಂದಿನಿಂದ ಚಿಪ್ಪಿನ ವಿನ್ಯಾಸದಲ್ಲಿ ನಮ್ಮ ಇಂಜಿನಿಯರುಗಳು ಪಳಗಿದ್ದಾರೆ. ಗ್ರಾಫಿಕ್ಸ್ ಚಿಪ್ಪುಗಳಿಗೆ ಹೆಸರಾದ ಎ.ಎಂ.ಡಿ. ಕಂಪೆನಿಯು ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿಯೇ ತೆರೆಯಿತು. ಇಂಥ ಚಿಪ್ಪಿನ ನಕ್ಷೆಯಲ್ಲಿ ನಮ್ಮವರ ಬುದ್ಧಿಯಿದೆ. ಅಚ್ಚು ಬೇರೆ ದೇಶದಲ್ಲಿ ಬೀಳುತ್ತದೆ. ಮೇಲಿನ ಹೆಸರು ಮೂರನೆಯ ದೇಶದ್ದು. ಕೊನೆಗೆ ರೈಲಿನಲ್ಲಿ ಮೂರು ಗಂಟೆಯ ದಾರಿಯಾಚೆ, ಅರಸೀಕೆರೆಯ ವಿದ್ಯಾರ್ಥಿಗೆ ಆ ಸರಕು ದುರ್ಲಭ. ಇದಕ್ಕಿಂತ ದೊಡ್ಡ ವಿಡಂಬನೆ ಬೇಕೆ?

ಈಚಿನ ವರ್ಷಗಳಲ್ಲಿ ಜೋಡಣೆಯ ಕಾರ್ಯವು ನಮ್ಮಲ್ಲಿ ಭರದಿಂದ ಬೆಳೆದಿದೆಯೆಂಬುದನ್ನು ಸಂತೋಷದಿಂದ ಒಪ್ಪಬೇಕು. ಕೋಲಾರದ ನರಸಾಪುರದಲ್ಲಿಯೂ, 2025ರಿಂದ ದೇವನಹಳ್ಳಿಯಲ್ಲಿಯೂ ಐಫೋನುಗಳು ಸಿದ್ಧವಾಗುತ್ತಿವೆ. ಆದರೆ ಬೇಲೂರಿನ ಮದನಿಕೆಗಳ ಪೀಠಗಳನ್ನು ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಬಳ್ಳಿಗಾವೆಯ ದಾಸೋಜನೂ ಆತನ ಮಗ ಚಾವಣನೂ ತಮ್ಮ ಕೃತಿಗಳ ಕೆಳಗೆ ತಮ್ಮ ಹೆಸರುಗಳನ್ನು ಕಂಡರಿಸಿದ್ದಾರೆ. ಬಳಪದ ಕಲ್ಲು, ಉಳಿ, ಕಲ್ಪನೆ ಎಲ್ಲವೂ ಅವರ ಸ್ವಾಧೀನದಲ್ಲಿದ್ದುವು. ಆದುದರಿಂದ ಹೆಸರೂ ಅವರದಾಯಿತು. ಚಿಪ್ಪು, ಪರದೆ, ಮೆಮೊರಿಗಳನ್ನು ಹೊರಗಿನಿಂದ ತಂದು ತಿರುಪು ಬಿಗಿಯುವುದು ಗೌರವದ ದುಡಿಮೆಯೇ. ಅದನ್ನೇ ನಿರ್ಮಾಣವೆಂದು ಹೊಗಳಿಕೊಂಡು ತೃಪ್ತರಾದರೆ ನಮ್ಮ ಹೆಸರನ್ನು ಪೀಠದಲ್ಲಿ ಕೆತ್ತುವ ದಿನ ಎಂದಿಗೂ ಬಾರದು.

ಆ ದುಡಿಮೆಗೂ ನ್ಯಾಯವಾದ ಕೂಲಿ ಸಿಕ್ಕಬೇಕು. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರ ಅಸಮಾಧಾನವು ದೊಂಬಿಯಾಗಿ ಸಿಡಿಯಿತು. ಸ್ವತ್ತಿನ ನಾಶವನ್ನು ನಾವು ಖಂಡಿಸುತ್ತೇವೆ. ಕೆಲವರಿಗೆ ಸರಿಯಾಗಿ, ಕಾಲಕ್ಕೆ ಸರಿಯಾಗಿ ವೇತನ ಸಂದಾಯವಾಗಿರಲಿಲ್ಲವೆಂದು ಕಂಪೆನಿಯವರೇ ಆಮೇಲೆ ಒಪ್ಪಿಕೊಂಡರು. 2023ರಲ್ಲಿ ಆ ಕಾರ್ಖಾನೆಯು ಟಾಟಾ ಸಂಸ್ಥೆಯವರ ಕೈಗೆ ಬಂದಿದೆ. ಮಾಲೀಕನ ಹೆಸರು ಸ್ವದೇಶಿಯಾದ ಮಾತ್ರಕ್ಕೆ ಸ್ವದೇಶಿ ಸಾಧಿಸಿತೆಂದು ಭಾವಿಸಲಾಗದು. ಗುತ್ತಿಗೆಯ ಹುಡುಗನಿಗೂ ಹುಡುಗಿಗೂ ತಿಂಗಳ ಕೊನೆಗೆ ಎಣಿಸಿ ಕೊಡುವ ಸಂಬಳದಲ್ಲಿ ಅದರ ಪರೀಕ್ಷೆಯಿದೆ.

ಅರೆವಾಹಕ ಕಾರ್ಖಾನೆಗಳ ಹಂಚಿಕೆಯ ವಿಷಯದಲ್ಲಿ ಪ್ರಾಂತಗಳ ನಡುವೆ ಎದ್ದಿರುವ ಅಸಮಾಧಾನವನ್ನೂ ಮರೆಮಾಚಬೇಕಾದುದಿಲ್ಲ. ಬೆಂಗಳೂರಿಗೆ ಬರಬಯಸಿದ ಕಂಪೆನಿಗಳನ್ನು ಗುಜರಾತು, ಅಸ್ಸಾಮುಗಳ ಕಡೆಗೆ ಒತ್ತಾಯದಿಂದ ತಿರುಗಿಸಲಾಗುತ್ತಿದೆಯೆಂದು ಮಂತ್ರಿಗಳಾದ ಪ್ರಿಯಾಂಕ್ ಖರ್ಗೆಯವರು 2025ರಲ್ಲಿ ಆಪಾದಿಸಿದರು. ಆ ಪ್ರಾಂತಗಳವರು ಅದನ್ನು ಬಲವಾಗಿ ಪ್ರತಿಭಟಿಸಿದರು. ಮೈಸೂರಿನ ಕೇನ್ಸ್ ಸಂಸ್ಥೆಯ ಚಿಪ್ಪು ಕಾರ್ಖಾನೆಗೂ ಗುಜರಾತಿನ ಸಾನಂದವೇ ನೆಲೆಯಾಯಿತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಮಂತ್ರಿಮಂಡಲವು ಅದಕ್ಕೆ ಒಪ್ಪಿಗೆಯಿತ್ತಿತು. ಅಸ್ಸಾಮೂ ಗುಜರಾತೂ ಭಾರತದ ಅಂಗಗಳೇ. ಅವುಗಳ ಏಳಿಗೆಯನ್ನು ಕಂಡು ಹೊಟ್ಟೆಕಿಚ್ಚು ಪಡುವುದು ಕನ್ನಡಿಗರ ಸ್ವಭಾವವಲ್ಲ. ಆದರೆ ಯಾವ ಮಾನದಂಡದ ಮೇಲೆ ಸ್ಥಳ ನಿರ್ಣಯವಾಯಿತೆಂಬುದನ್ನು ಬಹಿರಂಗವಾಗಿ ಹೇಳುವುದು ಕೇಂದ್ರದವರ ಕರ್ತವ್ಯ. ನೆಲ, ನೀರು, ವಿದ್ಯುಚ್ಛಕ್ತಿಗಳನ್ನು ಬೆಂಗಳೂರಿನ ಹೊರಗೆ ಸಿದ್ಧಪಡಿಸಿ ಇಡುವುದು ನಮ್ಮ ರಾಜ್ಯದವರ ಕರ್ತವ್ಯ. ಒಬ್ಬರನ್ನೊಬ್ಬರು ದೂರುವುದರಿಂದ ಒಂದು ಚಿಪ್ಪೂ ಹುಟ್ಟಲಾರದು.

ಸಾನಂದದ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ವಾಚಕರ ಗಮನಕ್ಕೆ ತರುತ್ತೇವೆ. ಅಮೆರಿಕದ ಮೈಕ್ರಾನ್ ಕಂಪೆನಿಯ ಮೆಮೊರಿ ಜೋಡಣೆಯ ಕಾರ್ಖಾನೆಗೆ 2023ರಲ್ಲಿ ಅನುಮೋದನೆ ದೊರೆತಾಗ, ವೆಚ್ಚದ ನೂರಕ್ಕೆ 50 ಪಾಲನ್ನು ಕೇಂದ್ರವೂ 20 ಪಾಲನ್ನು ಗುಜರಾತು ಸರ್ಕಾರವೂ ಭರಿಸಲು ಒಪ್ಪಿದುವು. 2025ರ ಡಿಸೆಂಬರಿನಲ್ಲಿ ಅದೇ ಕಂಪೆನಿಯು, ಸಾಮಾನ್ಯ ಗ್ರಾಹಕರಿಗೆ ಮೆಮೊರಿಯನ್ನು ಮಾರುತ್ತಿದ್ದ ತನ್ನ ‘ಕ್ರೂಷಿಯಲ್’ ವ್ಯಾಪಾರವನ್ನು ನಿಲ್ಲಿಸಿ ದತ್ತಾಂಶ ಕೇಂದ್ರಗಳ ಬೇಡಿಕೆಗೆ ಗಮನ ಕೊಡುವುದಾಗಿ ಪ್ರಕಟಿಸಿತು. ಲಾಭದ ಕಡೆಗೆ ತಿರುಗುವುದು ವರ್ತಕನ ಧರ್ಮ. ಅದಕ್ಕಾಗಿ ಆ ಕಂಪೆನಿಯನ್ನು ನಿಂದಿಸಿ ಫಲವಿಲ್ಲ. ಪ್ರಜೆಗಳ ತೆರಿಗೆಯಿಂದ ಸಹಾಯಧನ ಕೊಡುವಾಗ ಪ್ರಜೆಗಳ ಪಾಲಿಗೆ ಏನು ಮೀಸಲೆಂದು ಕರಾರಿನಲ್ಲಿ ಬರೆಯಿಸಿಕೊಳ್ಳುವುದು ಸರ್ಕಾರದವರ ಧರ್ಮ. ಆ ಮಾತನ್ನು ಎತ್ತಿದವರು ಯಾರು?

ಹೊರದೇಶದ ರಾಜಕೀಯವನ್ನು ನಂಬಿ ಕುಳಿತವರ ಗತಿಯನ್ನು 2025ರ ವರ್ಷವು ಸ್ಪಷ್ಟವಾಗಿ ತೋರಿಸಿತು. ಅಧ್ಯಕ್ಷ ಟ್ರಂಪರು ಆಮದುಗಳ ಮೇಲೆ ಸುಂಕಗಳ ಸುರಿಮಳೆ ಕರೆದರು. ಆಗಸ್ಟಿನಲ್ಲಿ ಅಮೆರಿಕದಲ್ಲಿಯೇ ಪ್ಲೇಸ್ಟೇಷನ್ನಿನ ಬೆಲೆ 50 ಡಾಲರು ಏರಿತು. ಆ್ಯಪಲ್ ಕಂಪೆನಿಯು ಭಾರತದಲ್ಲಿ ತಯಾರಿಕೆಯನ್ನು ವಿಸ್ತರಿಸುವುದು ತಮಗೆ ಇಷ್ಟವಿಲ್ಲವೆಂದು ಅವರು ಮೇ ತಿಂಗಳಿನಲ್ಲಿ ಬಹಿರಂಗವಾಗಿ ನುಡಿದರು. ಒಬ್ಬ ಪರರಾಷ್ಟ್ರ ನಾಯಕನ ಒಂದು ಮಾತಿಗೆ ಕೋಲಾರದ ಕಾರ್ಮಿಕನ ಎದೆ ಅದಿರಬೇಕಾದ ಸ್ಥಿತಿಯು ಸ್ವತಂತ್ರ ರಾಷ್ಟ್ರಕ್ಕೆ ಶೋಭಿಸುವುದಿಲ್ಲ.

ಕೇಂದ್ರ ಸರ್ಕಾರದವರು ಏನನ್ನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 2021ರ ಡಿಸೆಂಬರಿನಲ್ಲಿ ಅರೆವಾಹಕ ಯೋಜನೆಗೆ 76,000 ಕೋಟಿ ರೂಪಾಯಿಗಳೂ, 2025ರ ಮಾರ್ಚಿನಲ್ಲಿ ವಿದ್ಯುನ್ಮಾನ ಬಿಡಿಭಾಗಗಳ ತಯಾರಿಕೆಗೆ 22,919 ಕೋಟಿ ರೂಪಾಯಿಗಳೂ ಮಂಜೂರಾಗಿವೆ. ಜೋಡಣೆಯಿಂದ ಬಿಡಿಭಾಗದ ಕಡೆಗೆ ದೃಷ್ಟಿ ಹೊರಳಿರುವುದು ಶುಭಸೂಚನೆ. ಈ ದ್ರವ್ಯವು ಸಫಲವಾಗಬೇಕಾದರೆ ನಮ್ಮ ಕೆಲವು ಸಲಹೆಗಳಿವೆ.

ಮೊದಲನೆಯದಾಗಿ, ಆಮದಿನ ನಿಯಮವನ್ನು ಬದಲಿಸುವಾಗ ಕಡೆಯ ಪಕ್ಷ ಆರು ತಿಂಗಳ ಮುನ್ಸೂಚನೆ ಕೊಡಬೇಕು. ಸ್ವದೇಶಿ ಬದಲಿ ಸರಕು ಪೇಟೆಗೆ ಬರುವ ಮುನ್ನ ಕೊಳ್ಳುವವನ ಬಾಗಿಲನ್ನು ಮುಚ್ಚಬಾರದು. ಎರಡನೆಯದಾಗಿ, ತೆರಿಗೆಯಲ್ಲಿ ವಿವೇಚನೆಯಿರಬೇಕು. 2019ರ ಜನವರಿಯಲ್ಲಿ ಆಟದ ಯಂತ್ರದ ಜಿ.ಎಸ್.ಟಿ. ನೂರಕ್ಕೆ 28ರಿಂದ 18ಕ್ಕೆ ಇಳಿಯಿತು. 2025ರ ಸೆಪ್ಟೆಂಬರಿನಲ್ಲಿ ಚದುರಂಗ, ಕೇರಂ ಹಲಗೆಗಳ ತೆರಿಗೆ 12ರಿಂದ 5ಕ್ಕೆ ಇಳಿಯಿತು. ವಿದ್ಯೆಗೂ ಉದ್ಯೋಗಕ್ಕೂ ಒದಗುವ ಕಂಪ್ಯೂಟರಿನ ಭಾಗಗಳಿಗೂ ಅಂಥ ದಯೆ ಏಕಿರಬಾರದು? ಮೂರನೆಯದಾಗಿ, ಸಹಾಯಧನ ಪಡೆಯುವ ಕಂಪೆನಿಗಳು ಇಲ್ಲಿನ ಪೇಟೆಗೆ ಇಂತಿಷ್ಟು ಸರಕನ್ನು ಕೊಡಬೇಕೆಂದೂ, ಕಾರ್ಮಿಕರ ವೇತನವನ್ನು ದಿನ ತಪ್ಪದೆ ಸಲ್ಲಿಸಬೇಕೆಂದೂ ಕರಾರಾಗಬೇಕು. ನಾಲ್ಕನೆಯದಾಗಿ, ಕೆಟ್ಟ ಯಂತ್ರವನ್ನು ಸರಿಪಡಿಸುವ ಬಿಡಿಭಾಗಗಳೂ ಕೈಪಿಡಿಗಳೂ ತಾಲ್ಲೂಕು ಊರಿನ ರಿಪೇರಿಗಾರನಿಗೆ ದೊರೆಯುವಂತಾಗಬೇಕು. ಯಂತ್ರವನ್ನು ಬಿಚ್ಚಿ ನೋಡಲು ಅನುಮತಿಯಿಲ್ಲದ ದೇಶದಲ್ಲಿ ಯಂತ್ರವನ್ನು ಕಟ್ಟುವವರು ಹುಟ್ಟುವುದಿಲ್ಲ.

ಕಡೆಯದಾಗಿ ನಮ್ಮ ರಾಜ್ಯ ಸರ್ಕಾರದವರಿಗೆ ಒಂದು ಮಾತು. ಎಲ್ಲ ಕಾರ್ಖಾನೆಗಳನ್ನೂ ಬೆಂಗಳೂರಿನ ಸುತ್ತಲೇ ಒಟ್ಟುವುದನ್ನು ಬಿಟ್ಟು ಹಾಸನ ಜಿಲ್ಲೆಯ ಕಡೆಗೆ ಕಣ್ಣು ಹೊರಳಿಸಬೇಕು. ಅರಸೀಕೆರೆಯು ರೈಲ್ವೆ ಜಂಕ್ಷನ್ನು. ಬೆಂಗಳೂರಿಗೂ, ಹುಬ್ಬಳ್ಳಿಗೂ, ಹಾಸನದ ಮಾರ್ಗವಾಗಿ ಮೈಸೂರಿಗೂ ಅಲ್ಲಿಂದ ದಾರಿಯಿದೆ. ಜಿಲ್ಲೆಯಲ್ಲಿ ಇಂಜಿನಿಯರಿಂಗ್ ವಿದ್ಯಾಲಯಗಳಿವೆ, ಉಪಗ್ರಹ ಕೇಂದ್ರದ ಅನುಭವವಿದೆ. ಬಿಡಿಭಾಗಗಳ ಒಂದು ಕೈಗಾರಿಕಾ ವಸಾಹತನ್ನೂ ಅದಕ್ಕೆ ಸೇರಿದ ಒಂದು ತರಬೇತಿ ಶಾಲೆಯನ್ನೂ ಇಲ್ಲಿ ಸ್ಥಾಪಿಸುವುದು ಅಸಾಧ್ಯವೇನಲ್ಲ. ಇದನ್ನು ಶಾಸನಸಭೆಯಲ್ಲಿ ಎತ್ತಿ ಕೇಳುವುದು ಜಿಲ್ಲೆಯ ಪ್ರತಿನಿಧಿಗಳ ಹೊಣೆ. ಅವರು ಕೇಳುವಂತೆ ಮಾಡುವುದು ಓದುಬಲ್ಲ ನಾಗರಿಕರ ಹೊಣೆ. ಚುನಾವಣೆಯ ಕಾಲದಲ್ಲಿ ಸ್ವದೇಶಿಯ ಘೋಷಣೆಯನ್ನು ಕೂಗುವವರು ಬಹಳ ಮಂದಿ. ಯಾವ ಭಾಗವನ್ನು, ಯಾವ ಊರಿನಲ್ಲಿ, ಎಷ್ಟು ವರ್ಷಗಳೊಳಗೆ, ಯಾರಿಂದ ಮಾಡಿಸುವಿರಿ ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲವರಿಗೇ ಇನ್ನು ಮೇಲೆ ಮತವೆಂದು ಜನರು ನಿಶ್ಚಯಿಸಿದ ದಿನ ಈ ಕಾರ್ಯವು ಆರಂಭವಾದೀತು.